ತಮ್ಮನ ಹೆಸರಿನಲ್ಲಿರುವ ನನ್ನ ಕೇಸು

ಕತಾರಿಗೆ ಬಂದ ಮೂರನೆಯ ದಿನ ಪಿಕಪ್‌ನ ಬಲಬದಿಯ ಬಾಗಿಲು ತೆರೆದು ಹತ್ತಿ ಕುಳಿತೆ. ಕೈ ಚಾಚಿದರೆ ಸ್ಟಿಯರಿಂಗ್ ಇಲ್ಲ. ಹೊರಗೆ ನಿಂತಿದ್ದ ಪಠಾಣ ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಗಾಡಿ ಕೌನ್ ಚಲಾಯೇಗಾ ಭಾಯ್, ತೇರಾ ಬಾಪ್?” ಎಂದ. ಇಲ್ಲಿ ಸ್ಟಿಯರಿಂಗ್ ಎಡಕ್ಕೆ, ಓಡಿಸುವುದು ರಸ್ತೆಯ ಬಲಕ್ಕೆ. ಹನ್ನೆರಡು ವರ್ಷ ಊರಲ್ಲಿ ಟೆಂಪೋ ಓಡಿಸಿದ ನನ್ನ ಕೈಕಾಲು ಒಂದೇ ದಿನದಲ್ಲಿ ಕೆಲಸಕ್ಕೆ ಬಾರದವಾದವು.

ಊರಿನ ಲೈಸೆನ್ಸನ್ನು ಇಲ್ಲಿ ಯಾರೂ ಕಣ್ಣೆತ್ತಿ ನೋಡಲಿಲ್ಲ. ಅಲ್ಲಿ ಬ್ರೋಕರ್ ಎರಡು ಫೋಟೋ ತೆಗೆದುಕೊಂಡು ಹೋಗಿದ್ದ, ಲೈಸೆನ್ಸ್ ಮನೆಗೇ ಬಂದಿತ್ತು. ಇಲ್ಲಿ ಮುರೂರ್, ಅಂದರೆ ಟ್ರಾಫಿಕ್ ಪೊಲೀಸರ ಇಲಾಖೆ, ನನ್ನನ್ನು ಎರಡು ಸಲ ಫೇಲ್ ಮಾಡಿತು. ಮೂರನೆಯ ಸಲ ಪಾಸಾದ ದಿನ ಅಲ್ ಮನ್ಸೂರಾದ ಹೋಟೆಲಿನಲ್ಲಿ ಒಬ್ಬನೇ ಕೂತು ಅಂಜಲ್ ಮೀನಿನ ಫ್ರೈ ತಿಂದೆ. ಹೊಸ ಕಾರ್ಡನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಆ ಕಾರ್ಡಿನಲ್ಲಿ ನನ್ನ ಹಿಂದಿನದು ಏನೂ ಇರಲಿಲ್ಲ. ನನಗೆ ಬೇಕಾದದ್ದೂ ಅದೇ.

ಹಿಂದಿನದು ಇದು. ವೀಸಾ ಕೈಗೆ ಬಂದು ವಾರವಾಗಿತ್ತು. ಹಂಚು ತುಂಬಿದ ಟೆಂಪೋ ಓಡಿಸುತ್ತ, ಮನಸ್ಸನ್ನು ಎಲ್ಲೋ ಇಟ್ಟುಕೊಂಡು, ತಿರುವಿನಲ್ಲಿ ವೇಗ ತಗ್ಗಿಸಲಿಲ್ಲ. ನಮ್ಮೂರಿನ ಗಿರಿಜಕ್ಕ ತಾವು ಕಟ್ಟಿದ ಬೀಡಿಯ ಚೀಲ ಹಿಡಿದುಕೊಂಡು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡಲು ನಡೆದು ಹೋಗುತ್ತಿದ್ದರು. ಹಿಂದಿನಿಂದ ಬಂದ ಟೆಂಪೋ ಅವರ ಎಡಗಾಲಿನ ಮೇಲೆ ಹೋಯಿತು. ಓಡಿಸಿದವನ ಮುಖವನ್ನು ಅವರು ನೋಡಲಿಲ್ಲ. ಹಗಲು ಹನ್ನೊಂದು ಗಂಟೆ, ಮಳೆಯಿಲ್ಲ, ಅಡ್ಡ ಬಂದ ದನವೂ ಇಲ್ಲ. ತಪ್ಪು ಪೂರ್ತಿ ನನ್ನದು.

ಸ್ಟೇಷನ್ನಿಗೆ ಹೋಗುವ ಮೊದಲು ಟೆಂಪೋದ ಧನಿಗಳು ನನ್ನನ್ನೂ ನನ್ನ ತಮ್ಮ ಸದಾನಂದನನ್ನೂ ಅವರ ಅಂಗಳಕ್ಕೆ ಕರೆದರು. ನಮ್ಮ ಕಡೆಯಲ್ಲಿ ಇದೊಂದು ಕ್ರಮವೇ ಆಗಿಹೋಗಿದೆ. ಅಪಘಾತವಾದರೆ ಓಡಿಸಿದವನೇ ಸ್ಟೇಷನ್ನಿಗೆ ಹೋಗಬೇಕೆಂದಿಲ್ಲ, ಲೈಸೆನ್ಸ್ ಇರುವ ಇನ್ನೊಬ್ಬ ಹೋಗಿ ನಿಂತರೂ ಆಯಿತು. “ವಿಮಾನ ಹತ್ತುವವನಿಗೆ ಕೇಸ್ ಬೇಡ, ಮಾರಾಯ. ಪಾಸ್‌ಪೋರ್ಟ್ ಹಿಡಿದಿಡ್ತಾರೆ. ಊರಲ್ಲಿರುವವ ನಿಲ್ಲಲಿ” ಎಂದರು ಧನಿಗಳು. ಸದಾನಂದ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. “ಆಯ್ತು, ನಾನೇ ಓಡಿಸಿದ್ದು” ಎಂದ. ಕೋರ್ಟಿನಲ್ಲೂ ಅದನ್ನೇ ಹೇಳಿದ. ಮೂರು ತಿಂಗಳು ಜೈಲು. ಅವನು ಒಳಗೆ ಹೋಗುವಾಗ ನಾನು ದೋಹಾದಲ್ಲಿ ಸಿಗ್ನಲ್ ಕಲಿಯುತ್ತಿದ್ದೆ.

ಎಂಟು ವರ್ಷ ಕಳೆದು ಅವನನ್ನೂ ಇಲ್ಲಿಗೆ ಕರೆಸಿದೆ. ನಾನು ಕೆಲಸಕ್ಕಿದ್ದ ಹೋಲ್‌ಸೇಲ್ ಅಂಗಡಿಗೆ ಡ್ರೈವರ್ ಬೇಕಿತ್ತು. ಋಣ ತೀರಿತು ಎಂದುಕೊಂಡೆ. ದೋಹಾದ ಹಳೆಯ ಪೇಟೆ ಸೂಕ್ ವಾಕಿಫ್ ಅನ್ನು ಒಡೆದು, ಹಳೆಯದರ ಹಾಗೇ ಕಾಣುವಂತೆ ಹೊಸದಾಗಿ ಕಟ್ಟುತ್ತಿದ್ದ ಕಾಲ. ಸದಾನಂದ ಅದನ್ನು ನೋಡಿ, “ಇವರು ಹೊಸ ಗೋಡೆಗೆ ಮಣ್ಣು ಮೆತ್ತಿ ಹಳೆಯದು ಮಾಡ್ತಾರೆ. ನಮ್ಮಲ್ಲಿ ಹಳೇ ಗೋಡೆಗೆ ಸುಣ್ಣ ಬಳಿದು ಹೊಸದು ಮಾಡೋದು” ಎಂದು ನಕ್ಕ. ಮುರೂರ್ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾದ. ಅವನು ನನಗಿಂತ ಒಳ್ಳೆಯ ಡ್ರೈವರ್, ಯಾವತ್ತೂ.

ಆ ವರ್ಷ ಅಂಗಡಿಯ ಗಾಡಿಗಳು ಅಲ್ಲಿ ಇಲ್ಲಿ ತಾಗಿ ಇನ್ಶೂರೆನ್ಸ್‌ನವರಿಗೆ ಬೇಸರ ಬಂದಿತ್ತು. ಪ್ರತಿಯೊಬ್ಬ ಡ್ರೈವರನೂ ಬಂದು ಫಾರ್ಮ್ ತುಂಬಬೇಕು ಎಂದರು. ಅಲ್ ಸದ್ದ್‌ನ ಆಫೀಸಿಗೆ ನಾವಿಬ್ಬರೂ ಹೋದೆವು. ಮೇಜಿನ ಆಚೆ ಇದ್ದವರು ಕಿನ್ನಿಗೋಳಿ ಕಡೆಯ ಲವೀನಾ ಬಾಯಿ; ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ‘ಬಾಯಿ’ ಎನ್ನುತ್ತೇವೆ. ನಾನು ಓದಿದ್ದು ಆರನೇ ಕ್ಲಾಸು, ಇಂಗ್ಲಿಷ್ ಬಾರದು. ಅವರೇ ಒಂದೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಹೇಳಿದರು.

“ಗಾಡಿ ಓಡಿಸುವ ವಿಷಯದಲ್ಲಿ ಕೋರ್ಟಿನಿಂದ ಶಿಕ್ಷೆ ಆಗಿದೆಯಾ? ಯಾವಾಗ ಆದರೂ, ಯಾವ ದೇಶದಲ್ಲಾದರೂ.”

ಸದಾನಂದ ಪೆನ್ನು ಕೆಳಗಿಟ್ಟ. “ಆಗಿದೆ ಬಾಯಿ. ಮೂರು ತಿಂಗಳು. ಮುಗಿದು ಏಳೆಂಟು ವರ್ಷ ಆಯ್ತು.”

ನಾನು ಅವನ ತೊಡೆ ಚಿವುಟಿದೆ. “ಮುಗಿದದ್ದನ್ನು ಎಂತಕ್ಕೆ ಬರೀತಿ? ಇಲ್ಲ ಅಂತ ಹಾಕು. ಇಲ್ಲಿ ಯಾರಿಗೆ ಗೊತ್ತಾಗ್ತದೆ?”

“ಮುಗಿದದ್ದನ್ನೂ ಬರೀಬೇಕು ಅಂತಲೇ ಇದೆಯಲ್ಲ ಅಣ್ಣ. ನಾಳೆ ಯಾರಿಗಾದರೂ ತಾಗಿದರೆ, ಕಂಪೆನಿಯವರು ಈ ಸುಳ್ಳನ್ನೇ ಹಿಡಿದು ಕೈ ಎತ್ತಿಬಿಡ್ತಾರೆ. ಪೆಟ್ಟು ತಿಂದವರಿಗೆ ಎಂತ ಸಿಗ್ತದೆ? ಚೆಂಬು! ಕೋರ್ಟಲ್ಲಿ ಒಂದು ಸುಳ್ಳು ಹೇಳಿದ್ದೇನೆ, ಅದೇ ಸಾಕು.”

ಲವೀನಾ ಬಾಯಿ ತಲೆ ಎತ್ತಿದರು. “ಎಂತ ಸುಳ್ಳು?”

ಸದಾನಂದ ನನ್ನ ಕಡೆ ತಿರುಗಿದ. ಆ ಕೋಣೆಯಲ್ಲಿ ಧನಿಗಳಿರಲಿಲ್ಲ, ಪೊಲೀಸರಿರಲಿಲ್ಲ, ವೀಸಾದ ಹೆದರಿಕೆಯೂ ಇರಲಿಲ್ಲ. ಒಂದು ಮಾತು ಸಾಕಿತ್ತು. ನಾನು ಹೇಳಿದ್ದು ಬೇರೆ: “ಯಲ್ಲಾ, ಬೇಗ ಸೈನ್ ಹಾಕು. ಅಂಗಡಿಗೆ ಹೋಗಬೇಕು.”

“ನಿಮ್ಮದು?” ಎಂದು ಅವರು ನನ್ನನ್ನು ಕೇಳಿದರು.

“ಇಲ್ಲ” ಎಂದೆ.

ಹತ್ತು ದಿನದಲ್ಲಿ ಉತ್ತರ ಬಂತು. ಸದಾನಂದ ಓಡಿಸಿದರೆ ಗಾಡಿಗೆ ಇನ್ಶೂರೆನ್ಸ್ ಇಲ್ಲ. ಮ್ಯಾನೇಜರ್ ಅವನ ಕೈಯಿಂದ ಕೀಲಿ ತೆಗೆದುಕೊಂಡು ನನಗೆ ಕೊಟ್ಟರು. ಅವನನ್ನು ಕೋಲ್ಡ್ ಸ್ಟೋರಿಗೆ ಹಾಕಿದರು. ಹೊರಗೆ ನಲವತ್ತೈದು ಡಿಗ್ರಿ, ಒಳಗೆ ಮಂಜು. ದಿನಕ್ಕೆ ಇಪ್ಪತ್ತು ಸಲ ಒಳಗೂ ಹೊರಗೂ ಹೋಗಿ ಅವನು ಕೋಳಿಯ ಪೆಟ್ಟಿಗೆ ಎತ್ತಿದ. ಎತ್ತಿದ್ದನ್ನು ಇಳಿಸಲು ನನ್ನ ಜೊತೆಗೇ ಬರುತ್ತಿದ್ದ. ಗಿರಿಜಕ್ಕನ ಕಾಲು ಮುರಿದ ನಾನು ಗಾಡಿ ಓಡಿಸುತ್ತಿದ್ದೆ. ಯಾರಿಗೂ ಏನೂ ಮಾಡದವನು ಪಕ್ಕದಲ್ಲಿ ಕೂತು, ಬೆರಳುಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಿಸಿ ಮಾಡುತ್ತಿದ್ದ.

ಆಫೀಸಿನ ಸುದ್ದಿ ರೂಮಿಗೂ ಬಂತು. ಅಲ್ ಮನ್ಸೂರಾದ ನಮ್ಮ ಕೋಣೆಯಲ್ಲಿ ನಾವು ಎಂಟು ಜನ. ಉಡುಪಿ ಕಡೆಯ ಒಬ್ಬ, ಸದಾನಂದ ಸ್ನಾನಕ್ಕೆ ಹೋದಾಗಲೆಲ್ಲ, “ಪೆಟ್ಟಿಗೆಗೆ ಬೀಗ ಹಾಕಿ ಮಾರಾಯ್ರೆ, ಜೈಲು ಭಾಯ್ ಹೊರಗೆ ಬರ್ತಾನೆ” ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಒಂದು ಸಲ ಅಲ್ಲ.

ಇಲ್ಲಿಗೆ ಬಂದು ವರ್ಷ ತುಂಬಿದ ವಾರವೇ ಅವನು ಊರಿಗೆ ಹೊರಡಲು ಬಟ್ಟೆ ಮಡಚಿದ. “ಖಲಾಸ್ ಅಣ್ಣ. ನಾನು ಹೋಗ್ತೇನೆ.”

“ಕೋಪವಾ?”

“ಜೈಲಿಗೆ ಹೋದದ್ದಕ್ಕೆ ಕೋಪ ಇಲ್ಲ. ಅದು ನಾನೇ ಒಪ್ಪಿದ್ದು. ಅವತ್ತು ಆ ಬಾಯಿ ‘ಎಂತ ಸುಳ್ಳು’ ಅಂತ ಕೇಳಿದರಲ್ಲ, ಆಗ ನೀನು ಹೇಳ್ತಿ ಅಂತ ಕಾದೆ. ನನ್ನ ಕೆಲಸ ಉಳಿಯಲಿ ಅಂತ ಅಲ್ಲ. ಒಬ್ಬರ ಎದುರಾದರೂ ಹೇಳ್ತಿ ಅಂತ.”

ಅವನು ಹೋದ ಮೇಲಿನ ಇನ್ಶೂರೆನ್ಸ್ ರಿನ್ಯೂವಲ್‌ಗೆ ನಾನೊಬ್ಬನೇ ಅಲ್ ಸದ್ದ್‌ಗೆ ಹೋದೆ. ಅದೇ ಪ್ರಶ್ನೆ ಬಂತು. “ಹೌದು ಅಂತ ಬರೀರಿ” ಎಂದೆ. ಧನಿಗಳ ಅಂಗಳದಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ. ಲವೀನಾ ಬಾಯಿ ಫಾರ್ಮಿನಿಂದ ಪೆನ್ನು ಎತ್ತಿ ಕೇಳಿದರು.

“ಕೋರ್ಟಿನ ಕಾಗದ ಉಂಟಾ?”

“ತಮ್ಮನ ಹೆಸರಲ್ಲಿ.”

“ನಿಮ್ಮ ಹೆಸರಲ್ಲಿ ಇಲ್ಲವಲ್ಲ. ಈ ಫಾರ್ಮ್ ಕೇಳೋದು ಶಿಕ್ಷೆ ಆಗಿದೆಯಾ ಅಂತ, ತಪ್ಪು ಮಾಡಿದ್ದೀರಾ ಅಂತ ಅಲ್ಲ.” ಪೆನ್ನಿನಿಂದ ‘ಇಲ್ಲ’ದ ಮೇಲೆ ಗುರುತು ಹಾಕಿದರು. “ಇದನ್ನು ನನಗೆ ಹೇಳಿ ಏನು ಪ್ರಯೋಜನ? ಹೇಳಬೇಕಾದವರು ಊರಲ್ಲಿದ್ದಾರೆ. ಇಲ್ಲಿ ಸೈನ್ ಹಾಕಿ.”

ಹಾಕಿದೆ. ಆ ಗಾಡಿ ಈಗಲೂ ನನ್ನ ಕೈಯಲ್ಲೇ ಇದೆ.

ಊರಿನ ಓದುಗರಿಗೆ ಇದನ್ನು ಬರೆಯುತ್ತಿರುವುದು ಅದಕ್ಕೇ. ರಜೆಯಲ್ಲಿ ಬಂದಾಗ ನೀವು ನನಗೆ ಕುರ್ಚಿ ಹಾಕುತ್ತೀರಿ, ಮದುವೆ ಮಾತುಕತೆಗೆ ಮುಂದೆ ಕೂರಿಸುತ್ತೀರಿ. ಸದಾನಂದನಿಗೆ ಶಾಲೆಯ ವ್ಯಾನ್ ಓಡಿಸಲು ಕೊಡಲಿಲ್ಲ, ಕೇಸಿನವನು ಎಂದು. ಗಿರಿಜಕ್ಕ ಕೋಲು ಊರಿಕೊಂಡು ಎದುರಿಗೆ ಬಂದರೆ ಅವನು ನಿಂತು ತಲೆ ತಗ್ಗಿಸುತ್ತಾನೆ. ನಾನು ಬೇರೆ ದಾರಿ ಹಿಡಿಯುತ್ತೇನೆ. ಅವತ್ತು ಟೆಂಪೋ ಓಡಿಸಿದವನು ನಾನು. ಇದು ಅಚ್ಚಾಗಲಿ.

ಆಮೇಲೆ ನನಗೆ ಯಾವ ಊರು ಉಳಿಯುತ್ತದೋ ಗೊತ್ತಿಲ್ಲ. ಇಲ್ಲಿ ಬೇಸಗೆಯ ಮಧ್ಯಾಹ್ನ ಸಿಗ್ನಲ್‌ನಲ್ಲಿ ನಿಂತಾಗ ನಮ್ಮ ಮನೆಯ ಬಾವಿಯ ನೀರು ನೆನಪಾಗಿ ಗಂಟಲು ಒಣಗುತ್ತದೆ. ಊರಿಗೆ ಹೋದರೆ ಎರಡೇ ದಿನಕ್ಕೆ ಟಿಕೆಟ್ಟಿನ ತಾರೀಕು ನೋಡುತ್ತೇನೆ. ಈ ದೇಶದ ಮೇಲಿನ ಪ್ರೀತಿಯಿಂದ ಅಲ್ಲ. ಇಲ್ಲಿ ನಾನು ಯಾರೆಂದು ಆ ಬಾಯಿಯ ಹೊರತು ಯಾರಿಗೂ ಗೊತ್ತಿಲ್ಲ. ಗೊತ್ತಿದ್ದ ಒಬ್ಬನನ್ನು ನಾನೇ ಕಳಿಸಿಬಿಟ್ಟೆ.