ಬಾಯ್ಲರ್ ಕೋಣೆಯ ಯಾಕಣ್ಣ

ಬೆಳಗಿನ ಜಾವ ಐದು ಗಂಟೆ. ದೊಡ್ಡಾಸ್ಪತ್ರೆಯ ಲಾಂಡ್ರಿ ಹಿಂದಿನ ಬಾಯ್ಲರ್ ಕೋಣೆಯಲ್ಲಿ ಐವತ್ತೆಂಟು ವರ್ಷದ ಆಪರೇಟರ್ ಒಬ್ಬರು ಗಾಜಿನ ಕೊಳವೆಯೊಂದರ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಬಾಯ್ಲರ್ ಒಳಗೆ ನೀರೆಷ್ಟಿದೆ ಎಂದು ತೋರಿಸುವ ಕೊಳವೆ ಅದು. ನೀರು ಅರ್ಧಕ್ಕೆ ಸರಿಯಾಗಿಯೇ ನಿಂತಿದೆ. ಆದರೂ ಅವರು ಕೆಳಗಿನ ನಲ್ಲಿ ತಿರುಗಿಸಿ ಅಷ್ಟನ್ನೂ ಬುಸ್ಸೆಂದು ಹೊರಗೆ ಬಿಡುತ್ತಾರೆ. ನಲ್ಲಿ ಮುಚ್ಚಿ, ನೀರು ಮತ್ತೆ ಮೇಲೇರಿದ್ದನ್ನು ಕಂಡ ಮೇಲೆಯೇ ಏಳುತ್ತಾರೆ. "ಈಗ ನಂಬಬಹುದು. ಮಧ್ಯಾಹ್ನ ಮತ್ತೆ ಕೇಳ್ಬೇಕು," ಎನ್ನುತ್ತಾರೆ.

ಲಾಂಡ್ರಿಯಲ್ಲಿ ಎಲ್ಲರಿಗೂ ಇವರು ಯಾಕಣ್ಣ. ಏನು ಹೇಳಿದರೂ ಮೊದಲು 'ಯಾಕೆ' ಎನ್ನುವವರಿಗೆ ಇನ್ಯಾವ ಹೆಸರಿಡಬೇಕು ಹೇಳಿ. ದಿನಕ್ಕೆ ಸಾವಿರದ ನಾನೂರು ಹೊದಿಕೆಗಳು ಇವರ ಹಬೆಯಲ್ಲಿ ಶುದ್ಧವಾಗುತ್ತವೆ. ಹೊದ್ದು ಮಲಗಿದವರಲ್ಲಿ ಒಬ್ಬರಿಗೂ ಇವರ ಮುಖ ಗೊತ್ತಿಲ್ಲ.

ಇವತ್ತು ಮಾತ್ರ, ಇವರ ಬಗ್ಗೆ ಬರೆಯಲು ಬಂದ ನನಗೇ ಆತಂಕ. ಹನ್ನೊಂದಕ್ಕೆ ಯಾಕಣ್ಣನ ತತ್ವಶಾಸ್ತ್ರ ಎಂ.ಎ. ಮೌಖಿಕ ಪರೀಕ್ಷೆ. ಎರಡು ಸಲ ನಪಾಸಾಗಿದ್ದಾರೆ. ಮೂರನೆಯದೇ ಕೊನೆಯದು, ಆಮೇಲೆ ಅವಕಾಶವಿಲ್ಲ.

"ಆ ಎರಡು ಸಲ ಉತ್ತರ ಬರ್ಲಿಲ್ವಾ?" ಎಂದು ಕೇಳುತ್ತೇನೆ.

"ಬಾಯಿಪಾಠ ಇತ್ತು. ಆದ್ರೆ ಅದನ್ನ ನಾನು ಒಪ್ತೀನೋ ಇಲ್ವೋ ಅನ್ನೋದು ತೀರ್ಮಾನ ಆಗಿರ್ಲಿಲ್ಲ. ಅದಕ್ಕೆ ಗೊತ್ತಿಲ್ಲ ಅಂದೆ."

ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಪುಣ್ಯಾತ್ಮ, ಬಾಯಿಗೆ ಬಂದ ತುತ್ತನ್ನು ಎರಡೆರಡು ಸಲ ಹೀಗೆ ಬಿಡುವುದೇ?

ಈ ಹುಚ್ಚು ಹತ್ತಿದ್ದು ಇದೇ ಕೋಣೆಯಲ್ಲಿ, ಇಪ್ಪತ್ತೊಂಬತ್ತು ವರ್ಷದ ಹಿಂದೆ. ಅವತ್ತು ಕೊಳವೆಯಲ್ಲಿ ನೀರು ಭರ್ತಿ ಇತ್ತು, ಒಂದಿಷ್ಟೂ ಅಲುಗಾಡುತ್ತಿರಲಿಲ್ಲ. ಹೊಸಬರಾದ ಇವರು ಎಲ್ಲ ಸರಿಯಿದೆ ಎಂದು ಸುಮ್ಮನಿದ್ದರು. ಹಿರಿಯ ಆಪರೇಟರ್ ಓಡಿಬಂದು ಉರಿ ಆರಿಸಿದರು. ಕೊಳವೆಯ ದಾರಿ ಕಸ ಕಟ್ಟಿ ಮುಚ್ಚಿತ್ತು. ಕಾಣುತ್ತಿದ್ದದ್ದು ಹಳೆಯ ನೀರು, ಬಾಯ್ಲರ್ ಒಳಗೆ ತಳ ಒಣಗುತ್ತಿತ್ತು. ಇನ್ನಷ್ಟು ತಡವಾಗಿದ್ದರೆ ಕೋಣೆಯೇ ಹಾರಿಹೋಗುತ್ತಿತ್ತು.

"ನಿಜವಾದ ನೀರು ಸ್ವಲ್ಪನಾದ್ರೂ ನಡುಗ್ತಾ ಇರುತ್ತೆ ಕಣಪ್ಪ ಅಂದ್ರು ಅವ್ರು. ಆ ರಾತ್ರಿ ನನಗೆ ನಿದ್ದೆ ಹತ್ಲಿಲ್ಲ. ಕಣ್ಣಾರೆ ಕಂಡಿದ್ದೇ ಸುಳ್ಳಾದ್ರೆ ಇನ್ನೇನನ್ನ ನಂಬೋದು? ಲೈಬ್ರರಿಗೆ ಹೋಗಿ ಹೀಗೇ ಕೇಳ್ದೆ. ಅಲ್ಲಿನವ್ರು ನಗ್ಲಿಲ್ಲ, ತತ್ವಶಾಸ್ತ್ರದ ಕಪಾಟು ತೋರಿಸಿದ್ರು."

ಅಲ್ಲಿಂದ ದಿನಕ್ಕೆ ನಾಲ್ಕು ಪುಟ, ಒಂದು ಪ್ರಶ್ನೆ. ಪ್ರಶ್ನೆಯನ್ನು ಸೀಮೆಸುಣ್ಣದಲ್ಲಿ ಗೋಡೆಗೆ ಬರೆದು ಎಂಟು ಗಂಟೆ ಅದರ ಜೊತೆ ಗುದ್ದಾಟ. ತಾಯಿ ತೀರಿಕೊಂಡ ವಾರವೂ ಓದಿಗೆ ರಜೆಯಿಲ್ಲ. "ಅವತ್ತೇ ಅದು ಹೆಚ್ಚು ಬೇಕಾಗಿದ್ದು," ಎನ್ನುತ್ತಾರೆ.

ಹತ್ತೂವರೆಗೆ ಬಾಯ್ಲರನ್ನು ಇನ್ನೊಬ್ಬ ಆಪರೇಟರ್‌ಗೆ ಒಪ್ಪಿಸಿ, ಮುಖ ತೊಳೆದು, ಇಸ್ತ್ರಿ ಅಂಗಿ ಹಾಕಿಕೊಂಡು ಹೊರಡುತ್ತಾರೆ. ಹೊದಿಕೆ ಮಡಿಸುವ ವಿಭಾಗದಿಂದ ಹೆಂಡತಿಯೂ ಅರ್ಧ ದಿನ ರಜೆ ಹಾಕಿ ಬಂದಿದ್ದಾರೆ. "ಗೊತ್ತಿಲ್ಲ ಅಂದ್ರೋ, ಮನೆಗೆ ಬರ್ಬೇಡಿ," ಎಂದು ದಾರಿಯುದ್ದಕ್ಕೂ ಎಚ್ಚರಿಸುತ್ತಾರೆ. ಪರೀಕ್ಷೆಯ ಕೋಣೆಯ ಬಾಗಿಲು ಅರೆತೆರೆದಿದೆ. ಹೊರಗಿನ ಬೆಂಚಿನಲ್ಲಿ ನಾವಿಬ್ಬರೂ ಒಳಗಿನ ಮಾತಿಗೆ ಕಿವಿಗೊಟ್ಟು ಕೂರುತ್ತೇವೆ.

ಅರ್ಧ ಗಂಟೆ ಪ್ರಶ್ನೆಗಳು ಸುಸೂತ್ರವಾಗಿ ಸಾಗುತ್ತವೆ. ಕೊನೆಗೆ ಪರೀಕ್ಷಕರು ಕನ್ನಡಕ ತೆಗೆದು ಕೇಳುತ್ತಾರೆ: "ಇಷ್ಟು ವರ್ಷ ಓದಿದ್ದೀರಿ. ಇದ್ರಿಂದ ನೀವು ಒಳ್ಳೆ ಮನುಷ್ಯ ಆದ್ರಾ?"

ಹೌದು ಅಂದುಬಿಡಿ ಮಾರಾಯರೇ ಎಂದು ನನ್ನ ಮನಸ್ಸು ಕೂಗುತ್ತದೆ.

"ಗೊತ್ತಿಲ್ಲ ಸರ್," ಎನ್ನುತ್ತಾರೆ ಯಾಕಣ್ಣ. ಪಕ್ಕದಲ್ಲಿ ಹೆಂಡತಿ ಹಣೆ ಹಣೆ ಚಚ್ಚಿಕೊಳ್ಳುತ್ತಾರೆ. "ನಾನೇ ಹೇಳ್ಕೊಂಡ್ರೆ ಅದಕ್ಕೆ ಬೆಲೆ ಇಲ್ಲ. ನನ್ನ ಹೆಂಡ್ತೀನ ಕೇಳಿ. ಹೊರಗೇ ಇದ್ದಾಳೆ."

ಪರೀಕ್ಷಕರು ನಿಜಕ್ಕೂ ಕರೆಯುತ್ತಾರೆ. ಆಕೆ ಸೆರಗು ಸರಿಮಾಡಿಕೊಂಡು ಒಳಗೆ ಹೋಗಿ ನಿಲ್ಲುತ್ತಾರೆ.

"ಮದ್ವೆಯಾದ ಹೊಸದ್ರಲ್ಲಿ ಇವ್ರು ಹೇಳಿದ್ದೇ ಸರಿ ಸರ್, ಎದುರು ಮಾತಾಡಿದ್ರೆ ತಟ್ಟೆ ಹಾರೋದು. ಈಗ ಸಿಟ್ಟು ಬಂದ್ರೆ ಎದ್ದು ಹೊರಗೆ ಹೋಗ್ತಾರೆ. ವಾಪಸ್ ಬಂದು, 'ನಾನು ಹೇಳಿದ್ದು ತಪ್ಪಿರಬಹುದು, ನಿಂದು ಹೇಳು' ಅಂತಾರೆ. ಆಮೇಲೆ ಪೂರ್ತಿ ಕೇಳ್ತಾರೆ. ನಮ್ಮ ಕಡೆ ಗಂಡಸ್ರಲ್ಲಿ ಇನ್ಯಾರೂ ಹಾಗೆ ಅನ್ನೋದನ್ನ ನಾನು ಕಂಡಿಲ್ಲ."

ಪರೀಕ್ಷಕರು ಮತ್ತೇನೂ ಕೇಳದೆ ಹಾಳೆಯ ಮೇಲೆ ಬರೆಯುತ್ತಾರೆ: ಉತ್ತೀರ್ಣ.

ಹೊರಗೆ ಬಂದು ಅಭಿನಂದನೆ ಹೇಳಿದರೆ ಯಾಕಣ್ಣನ ಕಿವಿಗೆ ಅದು ಬೀಳುವುದೇ ಇಲ್ಲ. ಮುಂದೆ ಮುಂದೆ ನಡೆಯುತ್ತಿರುವ ಹೆಂಡತಿಯನ್ನೇ ನೋಡುತ್ತ ನನ್ನ ಕೈ ಹಿಡಿದುಕೊಳ್ಳುತ್ತಾರೆ.

"ಪಾಸಾಗಿದ್ದು ಇರಲಿ ಬಿಡಿ. ಅವಳು ಹೇಳಿದ್ದನ್ನ ನೀವೂ ಕೇಳಿಸ್ಕೊಂಡ್ರಲ್ಲ?"