ಮಂಟಯ್ಯ ಎಣಿಸಿದ ಹದಿನಾಲ್ಕು ಗುಡ್ಡೆ

ಬೇಲದಹುಂಡಿಯ ಯಜಮಾನ ಮಂಟಯ್ಯ ಬೇಲದಹುಂಡಿಯಲ್ಲಿ ಒಂದು ರಾತ್ರಿ ಮಲಗಿ ಹತ್ತೊಂಬತ್ತು ವರ್ಷವಾಗಿತ್ತು. ಹೂಟಗಳ್ಳಿಯಲ್ಲಿ ಮಗ ಮನೋಹರ್ ಕಟ್ಟಿಸಿದ ಮನೆಯ ಮಹಡಿ ಮೇಲೆ ಕುಳಿತು, ಹನ್ನೆರಡು ಮೈಲಿ ಆಚೆಯ ಊರನ್ನು ಆಳುತ್ತಿದ್ದ. ಆಳುವುದಕ್ಕೆ ಅಲ್ಲಿ ಇದ್ದದ್ದಾದರೂ ಏನು? ಹದಿನಾಲ್ಕು ಮನೆ, ಒಂದು ನಲ್ಲಿ, ಒಂದು ಅಂಗನವಾಡಿ. ವರ್ಷಕ್ಕೊಮ್ಮೆ ಮಾರಿಹಬ್ಬದಲ್ಲಿ ಕುರಿ ಕಡಿದು, ಬಾಡನ್ನು ಮನೆಗೊಂದರಂತೆ ಗುಡ್ಡೆ ಹಾಕಿದ ಮೇಲೆ ಆತ ಬಿಳಿ ಪಂಚೆ ಉಟ್ಟು ಇಳಿಯುತ್ತಿದ್ದ. ಕೋಲಿನಿಂದ ಒಂದೊಂದೇ ಗುಡ್ಡೆಯತ್ತ ತೋರಿಸಿ ಎಣಿಸುತ್ತಿದ್ದ. ಕಡಿದವರು ಬೇರೆ, ಎಲೆ ಹಾಸಿದವರು ಬೇರೆ. ಎಣಿಸಿದ ಸುಸ್ತಿಗೆ ದೊಡ್ಡ ಗುಡ್ಡೆ ಮಾತ್ರ ಅವನದು.

ಊರು ಬಿಟ್ಟು ಈಗ ಕೆಸರೆಯಲ್ಲಿ ಹೂ ಕಟ್ಟಿ ಬದುಕುವ ಚಲುವಮ್ಮ ವರಸೆಯಲ್ಲಿ ಅವನಿಗೆ ಅತ್ತಿಗೆ. ಅವಳ ಗಂಡ ತೀರಿಕೊಂಡ ವರ್ಷ, "ಆ ಮನೇಲಿ ಯಾರವ್ರೆ ಈಗ?" ಎಂದು ಅವಳ ಗುಡ್ಡೆಯನ್ನೇ ಬಿಟ್ಟು ಎಣಿಸಿದ್ದ. ಅವಳೂ ಮಗಳೂ ಎದುರಿಗೇ ನಿಂತಿದ್ದರು. ಅವತ್ತು ಅವನು ತೊಟ್ಟಿದ್ದ ಅಂಗಿಯ ಗುಂಡಿಯ ಬಣ್ಣವೂ ಅವಳಿಗೆ ನೆನಪಿದೆ.

ಹೋದ ವರ್ಷ ಕುಂಬಾರಕೊಪ್ಪಲಿನಲ್ಲಿ ಒಂದು ಮದುವೆ. ಊರಿಗೆ ಊರೇ ಬೀಗ ಹಾಕಿ ಬಂದಿತ್ತು. ಅದೇ ದಿನ ಸರ್ಕಾರದ ಲೆಕ್ಕಕ್ಕೆ ಜನ, ಆದಾಯ ಬರೆದುಕೊಳ್ಳಲು ಶಿಲ್ಪಶ್ರೀ ಎಂಬ ಹುಡುಗಿ ಬೇಲದಹುಂಡಿಗೆ ಹೋಗಿ, ಬೀಗ ನೋಡಿ ಯಜಮಾನನಿಗೆ ಫೋನ್ ಮಾಡಿದಳು. ಊಟಕ್ಕೆ ಕೂತ ಪಂಕ್ತಿಯೆಲ್ಲ ಕೇಳಲಿ ಎಂದು ಮಂಟಯ್ಯ ಸ್ಪೀಕರ್ ಹಾಕಿದ.

"ಊರಲ್ಲಿ ಎಷ್ಟು ಜನ ಇದ್ದೀರಿ ಸಾರ್?"

"ಹದ್ನಾಲ್ಕು."

"ಅಷ್ಟೇನಾ?"

"ಬರ್ಕೊಳವ್ವ. ನಾನೇ ಎಣ್ಸೋದು."

ಮನೆಗೊಂದು ಗುಡ್ಡೆ ಎಣಿಸಿದಂತೆ ಮನೆಗೊಬ್ಬ ಗಂಡಸಿನ ಹೆಸರು ಬರೆಸಿದ. ಗುಡ್ಡೆಗೆ ಹೆಂಗಸಿಲ್ಲ, ಮಗುವಿಲ್ಲ. ಅವನ ಊರಿಗೂ ಇರಲಿಲ್ಲ. ಆದಾಯ ಕೇಳಿದಾಗ ಮಾತ್ರ ಒಬ್ಬರನ್ನೂ ಬಿಡಲಿಲ್ಲ. ಮನೋಹರನ ಫ್ಯಾಕ್ಟರಿ ಸಂಬಳ, ಗಾರೆ ಕೆಲಸದವರ ಬಟವಾಡೆ, ಮನೆಗೆಲಸದ ಹೆಂಗಸರ ಕೂಲಿ, ಎಲ್ಲ ಸೇರಿಸಿ ತಿಂಗಳಿಗೆ ಮೂರು ಲಕ್ಷದ ತೊಂಬತ್ತೆರಡು ಸಾವಿರ ಎಂದ. ಬಡಾಯಿ ಕೊಚ್ಚುತ್ತಿದ್ದಾನೆ ಎಂದುಕೊಂಡು ಚಲುವಮ್ಮ ಸಾರನ್ನಕ್ಕೆ ಕೈಹಾಕಿದಳು.

ಮೂರು ತಿಂಗಳಿಗೆ ಕಾಗದ ಬಂತು. ಬೇಲದಹುಂಡಿ: ಜನ ಹದಿನಾಲ್ಕು, ಮಕ್ಕಳಿಲ್ಲ, ತಲೆಗೆ ಇಪ್ಪತ್ತೆಂಟು ಸಾವಿರ ಆದಾಯ. ಅಂಗನವಾಡಿಯನ್ನು ಮುಂದಿನ ತಿಂಗಳು ಪಕ್ಕದ ಊರಿಗೆ ಸೇರಿಸುವುದು. ಊರಲ್ಲೇ ಮದುವೆಯಾಗಿ ಉಳಿದಿದ್ದ ಚಲುವಮ್ಮನ ಮಗಳು ಯಶೋಧಾ ಅಲ್ಲಿ ಸಹಾಯಕಿ. ಅವಳ ಮನೆ ನಡೆಯುತ್ತಿದ್ದದ್ದೇ ಆ ಕೆಲಸದಿಂದ. ಲೆಕ್ಕ ಕೊಟ್ಟವರೇ ತಪ್ಪಾಯಿತೆಂದು ರುಜು ಹಾಕಿಕೊಟ್ಟರೆ ಮತ್ತೆ ಬಂದು ಎಣಿಸುತ್ತೇನೆ ಎಂದಳು ಶಿಲ್ಪಶ್ರೀ.

ಚಲುವಮ್ಮ ಹೂಟಗಳ್ಳಿಗೆ ಹೋದಳು.

"ಯಜಮಾನ ತಪ್ಪು ಲೆಕ್ಕ ಕೊಟ್ಟ ಅಂತ ನಾನೇ ಬರ್ಕೊಡಾದಾ ಅತ್ಗೆ? ಮುಖ ಎಲ್ಲಿಡ್ಲಿ?"

"ಇರೋ ಕಡೆನೇ ಇರ್ಲಿ ಬುಡು. ಅದನ್ನ ಯಾರ್ ಕೇಳವ್ರೆ?"

"ಊರು ಉದ್ಧಾರ ಆಗದೆ ಅಂತ ತೋರ್ಸಿದ್ದು ತಪ್ಪಾ?"

ಇಂಥವನ ಜೊತೆ ಮಾತಾಡಿ ಬಾಯಿ ಒಣಗಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ. ಭಾನುವಾರ ಮಧ್ಯಾಹ್ನ, ಅವನ ಮನೆಯಲ್ಲಿ ಬಾಡಿನ ಸಾರು ಕುದಿಯುವ ಹೊತ್ತಿಗೆ ಸರಿಯಾಗಿ, ಯಶೋಧಾಳನ್ನೂ ಅಂಗನವಾಡಿಯ ಒಂಬತ್ತು ಮಕ್ಕಳನ್ನೂ ಗೂಡ್ಸ್ ಆಟೋದಲ್ಲಿ ತಂದು ಬಾಗಿಲಿಗೆ ಇಳಿಸಿದಳು.

"ಯಾರವ್ವ ಇವ್ರೆಲ್ಲ?"

"ಯಾರೂ ಇಲ್ಲ ಕಣಪ್ಪ. ನಿನ್ ಲೆಕ್ಕದಲ್ಲಿ ಇವು ಹುಟ್ಟೇ ಇಲ್ಲ. ಹುಟ್ದೆ ಇರೋ ಮಕ್ಳು ಎಷ್ಟ್ ಉಂಡಾವು? ಇಕ್ಕು."

ಮಂಟಯ್ಯನ ಹೆಂಡತಿ ಸೆರಗಲ್ಲಿ ನಗು ಮುಚ್ಚಿಕೊಂಡು ಬಡಿಸಿದಳು. ಒಂದು ಹುಡುಗಿ ಎರಡನೇ ಸಲ ತಟ್ಟೆ ಚಾಚಿದಳು. ಅವಳ ಹಿಂದೆಯೇ ಉಳಿದ ಎಂಟು ತಟ್ಟೆಗಳೂ ಬಂದವು. ಮಂಟಯ್ಯ ಬಾಗಿಲಲ್ಲಿ ನಿಂತು ಮಕ್ಕಳನ್ನು ನೋಡಲಿಲ್ಲ, ಪಾತ್ರೆಯನ್ನೇ ನೋಡುತ್ತಿದ್ದ. ಸೌಟು ತಳ ಕೆರೆದ ಸದ್ದಾಯಿತು.

"ಎಲ್ಲವ್ವ ಆ ಕಾಗದ? ಕೊಡಿಲ್ಲಿ."

ನಾಚಿಕೆಗೆ ಹಾಕಿದ ರುಜುವಲ್ಲ ಅದು. ಹಾಕಿದ ಕೈ ಎತ್ತುವ ಮೊದಲೇ, "ನಂಗೊಂದ್ ತುಂಡು ಉಳ್ಸಿದ್ದೀಯಾ?" ಎಂದು ಹೆಂಡತಿಯನ್ನು ಕೇಳಿದ.

ಶಿಲ್ಪಶ್ರೀ ಮನೆ ಮನೆ ಹೊಕ್ಕು ಎಣಿಸಿದಳು: ಜನ ಅರವತ್ತಮೂರು, ತಲೆಗೆ ಆರು ಸಾವಿರ ಚಿಲ್ಲರೆ. ಅಂಗನವಾಡಿ ಉಳಿಯಿತು, ಯಶೋಧಾ ಬೆಳಗ್ಗೆ ಎದ್ದು ಬೀಗ ತೆಗೆಯುತ್ತಾಳೆ. ಅದನ್ನು ಉಳಿಸಿದ್ದು ತಾನೇ ಎಂದು ಮಂಟಯ್ಯ ಹೂಟಗಳ್ಳಿಯ ಟೀ ಅಂಗಡಿಯಲ್ಲಿ ಹೇಳಿಕೊಂಡು ತಿರುಗುತ್ತಾನಂತೆ. ಊರನ್ನು ಬಡ ಊರು ಮಾಡಿದಳಲ್ಲ ಎಂದು ಅತ್ತಿಗೆಯ ಮೇಲೆ ಮಾತ್ರ ಇನ್ನೂ ಸಿಟ್ಟು.