ಕಾಕಿಯ ತವರಿನ ನಾಲ್ಕು ಪೆಟ್ಟಿಗೆ ಆಲೂಬುಖಾರ

ನಮ್ಮ ದತ್ತವಾಡದಲ್ಲಿ ಬಾಳೆ, ಪೇರಲ, ಸೀತಾಫಲ, ಬೇಸಿಗೆಗೆ ಮಾವು, ಇಷ್ಟಕ್ಕೇ ಜಗತ್ತಿನ ಹಣ್ಣೆಲ್ಲ ಮುಗಿಯುತ್ತಿದ್ದ ದಿನಗಳವು. ಉಳಿದವು ಶಾಲೆಯ ಗೋಡೆಯ ಚಿತ್ರಪಟದಲ್ಲಿದ್ದವು. ನನಗೆ ಒಂಬತ್ತು ವರ್ಷ. ಚಿಂತೆ ಮಾಡುವುದು ಆಗಲೇ ಕೈಹತ್ತಿತ್ತು. ಐವತ್ತರ ಹತ್ತಿರ ಬಂದರೂ ಬೇರೆ ಯಾವ ವಿದ್ಯೆಯಲ್ಲೂ ನಾನು ಅಷ್ಟು ಪಳಗಿಲ್ಲ.

ಆ ವರ್ಷ ಅಪ್ಪನ ತಮ್ಮ, ನಮ್ಮ ಕಾಕಾನ ಮದುವೆಯಾಗಿ ಯಡ್ರಾವದಿಂದ ಕಾಕಿ ಬಂದಿದ್ದಳು. ಅವಳ ಅಣ್ಣ ಇಚಲಕರಂಜಿಯ ಬಟ್ಟೆ ಗಂಟುಗಳನ್ನು ಲಾರಿಯಲ್ಲಿ ದಿಲ್ಲಿಗೆ ಒಯ್ದು, ಬರುವಾಗ ಸಿಕ್ಕ ಮಾಲು ತುಂಬಿಕೊಂಡು ಬರುತ್ತಿದ್ದ. ಮೊದಲ ಮಳೆಯ ವಾರ ತಂಗಿಯ ಮನೆಗೆಂದು ನಾಲ್ಕು ಕಟ್ಟಿಗೆಯ ಪೆಟ್ಟಿಗೆ ಇಳಿಸಿ, "ಐತವಾರ ಬಂದು ಖಾಲಿ ಪೆಟ್ಟಿಗಿ ಒಯ್ತೀನ್ರಿ" ಎಂದು ಹೋದ. ಒಳಗೆ ಹುಲ್ಲಿನ ಮೇಲೆ ಈಗ ಎಲ್ಲರೂ ಪ್ಲಮ್ ಎನ್ನುವ ಹಣ್ಣು. ಕಡುಗೆಂಪು ಮೈ, ಅದರ ಮೇಲೆ ಬೂದಿ ಸವರಿದಂಥ ಮಬ್ಬು.

ಆಯಿ, ಎಂದರೆ ನನ್ನ ಅಪ್ಪನ ತಾಯಿ, ಇಣುಕಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ನಾವು ಜೈನರು, ಗುರುತಿಲ್ಲದ ಹಣ್ಣು ತಿನ್ನಬಾರದೆಂಬ ನೇಮ.

"ಆಲೂಬುಖಾರ ಅಂತಾರ್ರಿ ಅತ್ತೀ," ಎಂದಳು ಕಾಕಿ.

"ಹೆಸರ ಯಾರ ಬೇಕಾದವರ ಇಡ್ತಾರ. ಗಿಡಾ ನೋಡಿಯೇನ? ಎಲಿ ನೋಡಿಯೇನ?"

"ಇಲ್ರಿ."

"ಮತ್ತ? ಗುರ್ತ ಇಲ್ಲದ್ದು ನಮ್ಮ ಒಲಿ ಏರೂದಿಲ್ಲ."

ಮೂರನೇ ದಿನಕ್ಕೆ ಕೆಳಗಿನ ಹಣ್ಣು ಒಡೆದು ಪಡಸಾಲೆಯಲ್ಲಿ ರಸ ಹರಿಯಿತು. ಇರುವೆ ಬಂದವು. ಅವು ಕಾಲಡಿ ಸಿಗಬಾರದೆಂದು ಆಯಿ ಗೋಡೆ ಹಿಡಿದು ನಡೆದಳು. ಪಕ್ಕದ ಮನೆಯ ಅಕ್ಕವ್ವ ಬಾಗಿಲಲ್ಲೇ ನಿಂತು, "ಯಡ್ರಾವದವರು ಹಣ್ಣ ತಿನ್ನಾಕ ಕಳಿಸ್ಯಾರೋ, ವಾಸನಿ ನೋಡಾಕೋ?" ಎಂದಳು.

ಕಾಕಿ ಅದನ್ನು ಕೇಳಿಸಿಕೊಂಡು ಹಿತ್ತಲಿಗೆ ಹೋದಳು. ಒಗೆಯುವ ಕಲ್ಲಿನ ಹತ್ತಿರ ನನಗಷ್ಟೇ ಹೇಳಿದಳು: "ಅಣ್ಣ ಮೊದಲನೇ ಸಲ ತಂದು ಕೊಟ್ಟಾನ. ತಿಪ್ಪಿಗಿ ಚೆಲ್ಲೀವಿ ಅಂತ ಯಾವ ಬಾಯಿಲೆ ಹೇಳ್ಲೆವ್ವಾ?"

ಆ ಸಂಜೆ ಆಯಿ ಒಂದಿಷ್ಟು ಸಡಿಲಾದಳು. ಡಬ್ಬಿಯಲ್ಲಿ ಎರಡು ಹಣ್ಣು ಹಾಕಿ, ಬಸದಿಯಲ್ಲಿ ಪೂಜೆ ಮಾಡುವ ಉಪಾಧ್ಯೆಯರಿಗೆ ತೋರಿಸಿ ಬಾ ಎಂದು ನನ್ನನ್ನು ಕಳಿಸಿದಳು. "ಅವ್ರು ಹೂಂ ಅಂದ್ರ ಹೂಂ."

ಅವರ ಮನೆಗೆ ಬೀಗ. ಗಡಹಿಂಗ್ಲಜಕ್ಕೆ ಪೂಜೆಗೆ ಹೋಗಿದ್ದಾರೆ, ಬರುವುದು ಸೋಮವಾರ ಎಂದು ಎದುರು ಮನೆಯವರು ಹೇಳಿದರು. ಕಾಕಿಯ ಅಣ್ಣ ಬರುವುದು ಅದರ ಹಿಂದಿನ ದಿನ, ಐತವಾರ. ಕಟ್ಟೆಯ ಮೇಲೆ ಕೂತು ಡಬ್ಬಿ ತೆಗೆದೆ. ವಿಷವಿದ್ದರೆ ಮನೆಮಂದಿಯ ಬದಲು ನಾನೊಬ್ಬಳೇ ಹೋಗಲಿ ಎಂಬ ತ್ಯಾಗಬುದ್ಧಿಯಿಂದ ಒಂದನ್ನು ಕಚ್ಚಿದೆ. ಸಿಪ್ಪೆ ಹುಳಿ, ಒಳಗೆ ಸಿಹಿ, ಮೊಣಕೈವರೆಗೆ ರಸ. ತ್ಯಾಗ ಸಾಲದೆನಿಸಿ ಎರಡನೆಯದನ್ನೂ ತಿಂದೆ.

"ಏನಂದ್ರು?" ಎಂದಳು ಆಯಿ.

"ನಡೀತೈತಂತ." ಸುಳ್ಳು ಒಂಟಿಯಾಗಿ ನಿಲ್ಲಲಾರದೆನಿಸಿ ಇನ್ನೊಂದನ್ನು ಜೋಡಿಸಿದೆ: "ಕೊಯ್ದು, ಹುಳಾ ನೋಡಿ ತಿನ್ರಿ ಅಂದ್ರು."

ಆಮೇಲೆ ನಮ್ಮ ಮನೆಯಲ್ಲಿ ಹುಣಸೆಹಣ್ಣಿಗೆ ಕೆಲಸವಿರಲಿಲ್ಲ. ಆಯಿ ಒಂದೊಂದೇ ಹಣ್ಣು ಕೊಯ್ದು ಬೆಳಕಿಗೆ ಹಿಡಿದು ಕಾಕಿಯ ಕೈಗೆ ದಾಟಿಸುತ್ತಿದ್ದಳು. ಗಟ್ಟಿ ಇದ್ದವು ಹಸಿಮೆಣಸಿನಕಾಯಿಯ ಜೊತೆ ಕಲ್ಲಿನಲ್ಲಿ ಅರೆದು ಚಟ್ನಿಯಾದವು. ಮೆತ್ತಗಾದವು ಬೇಳೆಯ ಸಾರಿಗೆ, ನಮ್ಮ ಆಮಟಿಗೆ ಹೋದವು. ತೀರ ಒಡೆದವು ಯಾಲಕ್ಕಿ ಹಾಕಿದ ಪಾನಕವಾದವು. ಉಳಿದದ್ದನ್ನೆಲ್ಲ ಬೆಲ್ಲದಲ್ಲಿ ಕುದಿಸಿ ಮಾವಿನಕಾಯಿಗೆ ಮಾಡುವ ಹಾಗೆ ಗುಳಂಬ ಮಾಡಿದರು. ಅಂಗಳದವರೆಗೆ ಅದರ ಘಮ. ಒಣಗಲು ಹಾಕಿದ ಒಂದು ಚಾಪೆ ಹಣ್ಣು ಮಾತ್ರ ಮಳೆಯ ಪಾಲಾಯಿತು. ಬೀಜ ತೊಳೆದು, ಮೇಲೆ ತೂರಿ ಹಿಡಿಯುವ ಗಜಗದಾಟ ಆಡಿದೆವು. ಅಕ್ಕವ್ವ ಬಟ್ಟಲು ಹಿಡಿದು ಎರಡು ಸಲ ಬಂದಳು.

"ಆಮಟಿ ಇನ್ನೊಂದೀಟ ಹಾಕವ್ವಾ," ಎಂದು ಆಯಿ ಕಾಕಿಗೆ ಹೇಳಿದಾಗಲೆಲ್ಲ ನಾನು ಆಯಿಯ ತಾಟು ಬಿಟ್ಟು ಬೇರೆಲ್ಲ ಕಡೆ ನೋಡುತ್ತಿದ್ದೆ. ಆಯಿ ಹುಟ್ಟಿದಾಗಿನಿಂದ ಕಾಯ್ದುಕೊಂಡ ನೇಮವನ್ನು ನಾನು ಎರಡು ಹಣ್ಣಿಗೆ ಮುರಿದಿದ್ದೆ.

ಐತವಾರ ಕಾಕಿಯ ಅಣ್ಣ ಖಾಲಿ ಪೆಟ್ಟಿಗೆಗಳ ಜೊತೆ ಒಂದು ಬರಣಿ ಗುಳಂಬ ಒಯ್ದ. ಉಪಾಧ್ಯೆಯರು ಬಂದ ಮೇಲೆ ನಾನು ತಿಂಗಳುಗಟ್ಟಲೆ ಬಸದಿಯ ಓಣಿ ತುಳಿಯಲಿಲ್ಲ. ಆಯಿ ದಿನವೂ ಹೋಗುವವಳು. ಅವರಿಬ್ಬರ ನಡುವೆ ಆ ಮಾತು ಬಂತೋ ಇಲ್ಲವೋ ನನಗೆ ಇಂದಿಗೂ ತಿಳಿಯದು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮಲ್ಲಿ ಎಲ್ಲರೂ ಎಲ್ಲರ ಕ್ಷಮೆ ಕೇಳುತ್ತಾರೆ. ಆಯಿ ಮೊದಲು ಕಾಕಿಗೇ ಕೈಮುಗಿದಳು. "ನಿನ್ನ ತವರಮನಿಯವರು ಪ್ರೀತಿಲೆ ತಂದದ್ದನ್ನ ಮೂರು ದಿನಾ ಬಾಗಿಲಾಗ ಕೂಡಿಸಿದ್ನಿ. ತಪ್ಪಾತು." ಕಾಕಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಹೇಳಿಬಿಡಬೇಕೆಂದು ಸಿದ್ಧವಾಗಿ ನಿಂತಿದ್ದ ನಾನು ಆಯಿಯ ಮುಂದೆ ಹೋಗಿ ಕೈಮುಗಿದೆ.

"ನಂದೂ ಒಂದ ತಪ್ಪ ಐತಿ, ಆಯಿ."

"ಏನ ತಪ್ಪವ್ವಾ?"

"ಸಣ್ಣದು."

"ಸಣ್ಣದಕ್ಕ ಸಣ್ಣ ಕ್ಷಮಾ," ಎಂದು ತಲೆ ಸವರಿದಳು. ದೊಡ್ಡದನ್ನು ಹೇಳುವ ಮೊದಲೇ ಆಯಿ ತೀರಿಹೋದಳು.

ಈಗ ಕೊಲ್ಹಾಪುರದಲ್ಲಿ ನಮ್ಮ ಮನೆಯ ತಿರುವಿನಲ್ಲೇ ಕೈಗಾಡಿಯವನು ಪ್ಲಮ್ ಮಾರುತ್ತಾನೆ. ಕಾಲು ಕಿಲೋ ಕೊಳ್ಳುತ್ತೇನೆ. ನಾಲ್ಕು ಪೆಟ್ಟಿಗೆ ತೀರಿಸುವಷ್ಟು ಜನ ಮನೆಯಲ್ಲಿಲ್ಲ. ಗಿಡ ಯಾವುದು, ಎಲೆ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಕ್ಷಮೆಯ ದಿನ ಮೊಬೈಲಿಗೆ ಕಮಲದ ಚಿತ್ರಗಳು ಬರುತ್ತವೆ. ಕೆಳಗೆ, ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಕ್ಷಮೆಯಿರಲಿ ಎಂದಿರುತ್ತದೆ. ಯಾವ ತಪ್ಪು ಎಂದು ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ಹೋದ ವರ್ಷ ಆ ದಿನ ಕಾಕಿಗಾದರೂ ಎಲ್ಲವನ್ನೂ ಬರೆಯೋಣವೆಂದು ಕೂತೆ. ಎರಡು ಸಾಲು ಬರೆಯುವಷ್ಟರಲ್ಲಿ ಅವಳಿಂದಲೇ ಕಮಲ ಬಂತು. ಬರೆದದ್ದನ್ನು ಅಳಿಸಿ, ಅದೇ ಕಮಲವನ್ನು ತಿರುಗಿ ಅವಳಿಗೆ ಕಳಿಸಿದೆ.